ಬ್ಲಡ್ ಕಲ್ಚರ್ ಇದ್ದರೂ ಪಿಸಿಆರ್ ಏಕೆ?

ನಿಮ್ಮ ತಂದೆಯವರ ರಕ್ತವನ್ನು ಕಲ್ಚರ್‌ಗೆ (ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಗೆ) ಕಳುಹಿಸಿದ ಮೇಲೂ ವೈದ್ಯರು ದುಬಾರಿ ಪಿಸಿಆರ್ ಪ್ಯಾನೆಲ್ (ಹಲವು ರೋಗಾಣುಗಳ ಜೀನ್‌ಗಳನ್ನು ಒಟ್ಟಿಗೇ ಹುಡುಕುವ ಪರೀಕ್ಷೆ) ಬರೆದಿದ್ದೇಕೆ, ಒಂದೇ ಪರೀಕ್ಷೆ ಸಾಲದೇ ಎಂದು ಕೇಳಿದ್ದೀರಿ. ಸಾಲದು, ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ.

ವಯಸ್ಕರ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕ ವೇಳೆ ಹತ್ತು ಬ್ಯಾಕ್ಟೀರಿಯಾಗಳೂ ಇರುವುದಿಲ್ಲ. ಆದ್ದರಿಂದಲೇ ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ಹಾಕಿ, ಸಾಮಾನ್ಯವಾಗಿ 5 ದಿನಗಳವರೆಗೆ ಯಂತ್ರದಲ್ಲಿಟ್ಟು ಕಾಯುತ್ತಾರೆ. ಬಾಟಲಿಯಲ್ಲಿ ಬೆಳವಣಿಗೆ ಕಂಡೊಡನೆ ಒಂದು ಹನಿಯನ್ನು ಗ್ರಾಂ ಸ್ಟೇನ್ ಮಾಡಿ, ಅಂದರೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೆಚ್ಚಿನ ಪ್ಯಾನೆಲ್‌ಗಳಿಗೂ ಅದೇ ಬಾಟಲಿಯ ದ್ರವವೇ ಬೇಕು, ಅಂದರೆ ಕಲ್ಚರ್ ಇಲ್ಲದೆ ಅವು ಮುಂದುವರಿಯುವುದೇ ಇಲ್ಲ. ಅಲ್ಲಿಂದ ಒಂದೆರಡು ಗಂಟೆಗಳಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಇದೆ, ಅದರೊಂದಿಗೆ ಔಷಧವನ್ನು ನಿಷ್ಫಲಗೊಳಿಸುವ ಎನ್‌ಡಿಎಂ ಜೀನ್ ಕೂಡ ಇದೆ ಎಂದು ತಿಳಿದರೆ, ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್ ಒಂದನ್ನೇ ನಂಬಿ ಕೂರುವಂತಿಲ್ಲವೆಂದು ವೈದ್ಯರು ಅಂದೇ ನಿರ್ಧರಿಸಬಹುದು. ಯಾವ ಔಷಧ ನಾಟುತ್ತದೆಂದು ತಿಳಿಸುವ ಸೆನ್ಸಿಟಿವಿಟಿ ವರದಿಗಾಗಿ ಕಾದರೆ ಇನ್ನೂ ಒಂದೆರಡು ದಿನ ಕಳೆಯುತ್ತದೆ, ಸೆಪ್ಸಿಸ್‌ನಲ್ಲಿ (ಸೋಂಕಿನಿಂದ ಅಂಗಾಂಗಗಳಿಗೇ ಹಾನಿಯಾಗುವ ಅಪಾಯದ ಸ್ಥಿತಿಯಲ್ಲಿ) ಅದು ಸಣ್ಣ ಅವಧಿಯಲ್ಲ.

ಆದರೆ ಪ್ಯಾನೆಲ್ ತನ್ನ ಪಟ್ಟಿಯಲ್ಲಿರುವುದನ್ನಷ್ಟೇ ಗುರುತಿಸುತ್ತದೆ. ಜೀನ್ ಸಿಗಲಿಲ್ಲವೆಂದ ಮಾತ್ರಕ್ಕೆ ಔಷಧ ಕೆಲಸ ಮಾಡುತ್ತದೆಂದು ಹೇಳಲಾಗದು: ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಅಂಥ ಜೀನ್ ಇಲ್ಲದೆಯೂ ಔಷಧವನ್ನು ಹೊರದಬ್ಬಿ ಬದುಕಬಲ್ಲದು. ಯಾವ ಔಷಧ ನಾಟುತ್ತದೆಂಬುದನ್ನು ಬೆಳೆದ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿಯೇ ತಿಳಿಯಬೇಕು. ಚರ್ಮದ ಮೇಲಿನ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ಸೂಜಿಯೊಂದಿಗೆ ಬಾಟಲಿ ಸೇರಿದ್ದರೆ ಪ್ಯಾನೆಲ್ ಅದನ್ನೂ ನಿಷ್ಠೆಯಿಂದ ವರದಿ ಮಾಡುತ್ತದೆ. ಹಾಗಾಗಿ ಅಂಥ ಕಲಬೆರಕೆ ಗುರುತಾಗುವಂತೆ ಎರಡು ಕಡೆಗಳಿಂದ ಪ್ರತ್ಯೇಕವಾಗಿ ರಕ್ತ ತೆಗೆದಿದ್ದರೇ, ಬ್ಯಾಕ್ಟೀರಿಯಾದ ಬೆಳವಣಿಗೆಗೆ ಅಡ್ಡಿಯಾಗದಂತೆ ಆಂಟಿಬಯೋಟಿಕ್ ಕೊಡುವ ಮೊದಲೇ ತೆಗೆದಿದ್ದರೇ ಎಂದು ವೈದ್ಯರನ್ನು ಕೇಳಿ ನೋಡಿ.