ಗಾಳದ ರಾಡ್, ರೀಲ್ ಬಸ್ಸಿನಲ್ಲಿ ಒಯ್ಯುವುದು ಹೇಗೆ? ಮಳೆಗಾಲದಲ್ಲಿ ಇಡುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಬೆಂಗಳೂರಿನಲ್ಲಿ ಏಳು ಅಡಿಯ, ಎರಡು ತುಂಡಿನ ಕಾರ್ಬನ್ ರಾಡ್ ಮತ್ತು ದಾರ ಸುತ್ತುವ ಒಂದು ಸ್ಪಿನ್ನಿಂಗ್ ರೀಲ್ ಕೊಂಡಿದ್ದೀರಿ. ರಾತ್ರಿ ಬಸ್ಸಿನಲ್ಲಿ ಕುಂದಾಪುರಕ್ಕೆ ಒಯ್ದು ಎರಡು ವಾರ ಗಾಳ ಹಾಕಿ, ಮಳೆಗಾಲ ಪೂರ್ತಿ ಊರಿನ ಮನೆಯಲ್ಲೇ ಇಡಬೇಕು. ಹಾಳಾಗದಂತೆ ಏನು ಮಾಡಬೇಕು?

ನಾನು ಉಡುಪಿ ಕಡೆಯವನು. ಸುಮಾರು ಹನ್ನೆರಡು ವರ್ಷದಿಂದ ಅಳಿವೆಯಲ್ಲಿ ಗಾಳ ಹಾಕುತ್ತಿದ್ದೇನೆ. ಈವರೆಗೆ ಮೂರು ರಾಡ್ ಮುರಿದುಕೊಂಡಿದ್ದೇನೆ. ಒಂದು ಕಾರಿನ ಬಾಗಿಲಿಗೆ ಸಿಕ್ಕಿತು. ಇನ್ನೊಂದನ್ನು ಬಟ್ಟೆಯ ಚೀಲದಲ್ಲಿ ಹಾಕಿ ಬಸ್ಸಿನ ಡಿಕ್ಕಿಯಲ್ಲಿ ಇಟ್ಟಿದ್ದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಯಾರದ್ದೋ ಅಕ್ಕಿ ಮೂಟೆ ಅದರ ಮೇಲೆ ಉರುಳಿರಬೇಕು. ಮನೆಗೆ ಬಂದು ಚೀಲ ಬಿಚ್ಚಿದರೆ ತುದಿ ಎರಡು ತುಂಡು. ಮೂರನೆಯದು ಒಳ್ಳೆಯ ಕೆಂಬೇರಿ ಮೀನು ಎಳೆಯುವಾಗ 'ಟಕ್' ಅಂತ ಹೋಯಿತು. ಮೀನಿನ ಮೇಲೆ ತಪ್ಪು ಹೊರಿಸಬೇಡಿ. ಅದಕ್ಕೂ ಹಿಂದಿನ ತಿಂಗಳು ಬೈಕಿನಲ್ಲಿ ರಾಡ್ ಒಯ್ಯುವಾಗ ದಾರದ ತುದಿಯಲ್ಲಿದ್ದ ಸೀಸದ ಗುಂಡು ದಾರಿಯುದ್ದಕ್ಕೂ ಅದಕ್ಕೆ ಟಣ್ ಟಣ್ ಬಡಿಯುತ್ತಿತ್ತು.

ಕಾರ್ಬನ್ ರಾಡಿನ ಗುಣವೇ ಇದು. ಬಿಲ್ಲಿನ ಹಾಗೆ ಬಗ್ಗಿಸಿದರೆ ಎಷ್ಟೋ ತಾಳಿಕೊಳ್ಳುತ್ತದೆ. ಆದರೆ ಒಳಗೆ ಟೊಳ್ಳು, ಗೋಡೆ ತೆಳ್ಳಗೆ. ಪಕ್ಕದಿಂದ ಒಂದು ಪೆಟ್ಟು ಬಿದ್ದರೆ ಒಳಗೇ ಸೀಳು ಬರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಮುಂದೆ ಯಾವತ್ತೋ ಭಾರ ಬಿದ್ದಾಗ ಮುರಿಯುತ್ತದೆ. ಹಾಗಾಗಿ ಗುಂಡು, ಗಾಳ, ಪ್ಲಾಸ್ಟಿಕ್ ಮೀನು ಎಲ್ಲವನ್ನೂ ಬಿಚ್ಚಿಯೇ ಪ್ರಯಾಣ ಮಾಡಿ. ಗಾಳವನ್ನು, ದಾರ ಹಾಯಲು ರಾಡಿಗೆ ಕೂರಿಸಿದ ಬಳೆಗೆ, ಅಂದರೆ ಗೈಡ್‌ಗೆ ಸಿಕ್ಕಿಸಿಡುವ ಅಭ್ಯಾಸ ತುಂಬಾ ಜನರಿಗಿದೆ. ಗೈಡ್ ಒಳಗಿನ ಸೆರಾಮಿಕ್ ಉಂಗುರ ಅದರಿಂದಲೇ ಬಿರುಕು ಬಿಡಬಹುದು. ಆ ಬಿರುಕು ಆಮೇಲೆ ಬ್ಲೇಡಿನ ಹಾಗೆ ದಾರ ಕತ್ತರಿಸುತ್ತದೆ.

ಬಸ್ಸಿಗೆ ಬಟ್ಟೆ ಚೀಲ ಸಾಲದು. ಪೈಪ್ ಬೇಕು. ಅಂಗಡಿಯ ರಾಡ್ ಟ್ಯೂಬ್ ಚೆನ್ನಾಗಿಯೇ ಇರುತ್ತದೆ, ಆದರೆ ಪ್ಲಂಬಿಂಗ್ ಅಂಗಡಿಯ 75 ಮಿಲಿಮೀಟರ್ ಪಿವಿಸಿ ಪೈಪ್ ಅದೇ ಕೆಲಸ ಮಾಡುತ್ತದೆ. ನಿಮ್ಮ ರಾಡಿನ ಒಂದೊಂದು ತುಂಡು ಸುಮಾರು ಮೂರೂವರೆ ಅಡಿ ಇರಬೇಕು. ಉದ್ದದ ತುಂಡಿಗಿಂತ ನಾಲ್ಕು ಬೆರಳು ಹೆಚ್ಚಿಗೆ ಕತ್ತರಿಸಿಕೊಳ್ಳಿ. ರಾಡನ್ನು ಅಂಗಡಿಗೇ ಒಯ್ದು, ದೊಡ್ಡ ಗೈಡ್ ಒಳಗೆ ಹೋಗುತ್ತದೆಯೇ ನೋಡಿ ಕೊಂಡುಕೊಳ್ಳಿ. ನಾಚಿಕೆ ಬೇಡ. ಒಂದು ಬದಿಯ ಮುಚ್ಚಳವನ್ನು ಸಲ್ಯೂಷನ್ ಹಾಕಿ ಅಂಟಿಸಿ. ಇನ್ನೊಂದನ್ನು ಸುಮ್ನೆ ಒತ್ತಿ, ಮೇಲೆ ಟೇಪ್ ಸುತ್ತಿ. ಎರಡೂ ತುದಿಗೆ ಸ್ಪಂಜಿನ ತುಂಡು ತುರುಕಿ.

ಒಳಗೆ ಹಾಕುವ ಮುಂಚೆ ಎರಡು ತುಂಡಿನ ನಡುವೆ ಹಳೆಯ ಪಂಚೆ ಅಥವಾ ಟವೆಲ್ ಬರಲಿ. ಇಲ್ಲದಿದ್ದರೆ ಒಂದರ ಗೈಡ್ ಇನ್ನೊಂದರ ಮೈಯನ್ನು ಬೆಂಗಳೂರಿನಿಂದ ಕುಂದಾಪುರದವರೆಗೆ ಉಜ್ಜುತ್ತಲೇ ಇರುತ್ತದೆ. ಎರಡು ಕಡೆ ಮೆತ್ತಗೆ ಕಟ್ಟಿ. ರಬ್ಬರ್ ಬ್ಯಾಂಡ್ ಬಿಗಿದು ರಾಡನ್ನು ಬಗ್ಗಿಸಬೇಡಿ.

ರೀಲನ್ನು ರಾಡಿನಿಂದ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಡಿ. ಡಿಕ್ಕಿಗೆ ಹಾಕಬೇಡಿ. ಹಿಡಿ ಮಡಚಿರಲಿ, ಬೇಲ್ ತಂತಿ (ದಾರವನ್ನು ಹಿಡಿದು ಸುತ್ತಿಸುವ ಕಮಾನಿನಂಥ ತಂತಿ) ಮುಚ್ಚಿರಲಿ. ತಂತಿ ಸ್ವಲ್ಪ ಸೊಟ್ಟಗಾದರೂ ದಾರ ಸರಿಯಾಗಿ ಸುತ್ತುವುದಿಲ್ಲ.

ಇನ್ನು ಮಳೆಗಾಲ. ಇದು ಪ್ರಯಾಣಕ್ಕಿಂತ ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ. ಆಗ ಕಡಲ ಬಂಡೆಯ ಮೇಲೆ ನಿಲ್ಲುವುದೂ ಹುಚ್ಚು. ಹಾಗಾಗಿ ಗಾಳದವರಿಗೂ ಹೆಚ್ಚುಕಡಿಮೆ ಅದೇ ರಜೆ. ರಜೆಯಲ್ಲಿ ಸಾಮಾನು ಹಾಳಾಗುವುದು ಮಳೆ ನೀರಿನಿಂದಲ್ಲ. ಕೊನೆಯ ದಿನ ತೊಳೆಯದೆ ಬಿಟ್ಟ ಉಪ್ಪಿನಿಂದ. ಉಪ್ಪು ಗಾಳಿಯ ತೇವ ಎಳೆದುಕೊಂಡು ಒಳಗೊಳಗೇ ಕೆಲಸ ಮಾಡುತ್ತದೆ. ನನ್ನ ಮೊದಲ ರೀಲನ್ನು ತೊಳೆಯದೆ, ಅದರದ್ದೇ ಚಂದದ ಚೀಲಕ್ಕೆ ಹಾಕಿ ಕಪಾಟಿನಲ್ಲಿಟ್ಟಿದ್ದೆ. ಆಗಸ್ಟಿನಲ್ಲಿ ತೆಗೆದರೆ ಹಿಡಿ ತಿರುಗಲೇ ಇಲ್ಲ. ದಾರ ಹಾಯುವ ಪುಟ್ಟ ಉರುಳೆ, ಅಂದರೆ ಲೈನ್ ರೋಲರ್, ಅದರ ಬೇರಿಂಗ್ ತುಕ್ಕಿನ ಮುದ್ದೆಯಾಗಿತ್ತು.

ತೊಳೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ರೀಲಿನ ಡ್ರ್ಯಾಗ್ ಗುಂಡಿಯನ್ನು (ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಬಿಡಬೇಕೆಂದು ಹೊಂದಿಸುವ ಗುಂಡಿ) ಪೂರ್ತಿ ಬಿಗಿ ಮಾಡಿ, ಆಗ ಒಳಗೆ ನೀರು ಇಳಿಯುವುದು ಕಡಿಮೆ. ಚೊಂಬಿನಿಂದ ಸಿಹಿ ನೀರು ಮೆಲ್ಲಗೆ ಹೊಯ್ಯಿರಿ. ಪೈಪಿನಿಂದ ಜೋರಾಗಿ ಹೊಡೆದರೆ ಹೊರಗಿನ ಉಪ್ಪನ್ನು ನೀವೇ ಒಳಗೆ ತಳ್ಳಿದ ಹಾಗೆ. ಬಕೆಟಿನಲ್ಲಿ ಮುಳುಗಿಸುವುದೂ ಬೇಡ. ಹೆಣೆದ ದಾರ ಹಾಕಿದ್ದರೆ ಅದು ಸುತ್ತಿರುವ ಸ್ಪೂಲ್ ಮೇಲೆ ಇನ್ನೆರಡು ಚೊಂಬು ಜಾಸ್ತಿ ಸುರಿಯಿರಿ, ಅದು ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒರೆಸಿ ಒಂದು ದಿನ ನೆರಳಲ್ಲಿ ಫ್ಯಾನ್ ಕೆಳಗೆ ಒಣಗಿಸಿ. ಆಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲ ಮಾಡಿ. ಇದನ್ನು ಮರೆಯುವವರೇ ಜಾಸ್ತಿ. ಬಿಗಿಯಾಗಿಯೇ ಬಿಟ್ಟರೆ ಒಳಗಿನ ವಾಷರ್‌ಗಳು ತಿಂಗಳುಗಟ್ಟಲೆ ಒತ್ತಿಕೊಂಡು ಚಪ್ಪಟೆಯಾಗುತ್ತವೆ. ಆಮೇಲೆ ಮೀನು ಓಡಿದಾಗ ದಾರ ನಯವಾಗಿ ಬಿಡುವುದಿಲ್ಲ, ಜಗ್ಗಿ ಜಗ್ಗಿ ಬಿಡುತ್ತದೆ.

ಲೈನ್ ರೋಲರ್, ಹಿಡಿಯ ಗುಬ್ಬಿ, ಬೇಲ್ ತಂತಿಯ ಕೀಲು, ಇವಕ್ಕೆ ಒಂದೊಂದೇ ಹನಿ ರೀಲ್ ಎಣ್ಣೆ ಸಾಕು. ಅದಿಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ತೆಂಗಿನೆಣ್ಣೆ ಮಾತ್ರ ಬೇಡ, ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಅದೇ. ಚಳಿ ಬಿದ್ದರೆ ಗಟ್ಟಿಯಾಗುತ್ತದೆ, ಹಳತಾದರೆ ಅಂಟು.

ರಾಡನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗೈಡಿನ ಬುಡಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ. ಎರಡು ತುಂಡನ್ನು ಜೋಡಿಸಿಯೇ ಇಡಬೇಡಿ, ತಿಂಗಳಾದ ಮೇಲೆ ಕಿತ್ತರೂ ಬಾರದು. ಸೇರುವ ಜಾಗಕ್ಕೆ ಮೇಣದ ಬತ್ತಿ ತೆಳ್ಳಗೆ ಸವರಿದರೆ ಒಳ್ಳೆಯದು. ಮೂಲೆಗೆ ಒರಗಿಸಿಟ್ಟರೆ ಸೊಟ್ಟಗಾಗಬಹುದು. ಗೋಡೆಗೆ ಮೂರು ಗೂಟ ಹೊಡೆದು ಅಡ್ಡ ಮಲಗಿಸಿ. ಅಜ್ಜನ ಬಿದಿರಿನ ಗಾಳದ ಕೋಲು ಅಡುಗೆಮನೆ ಅಟ್ಟದ ಮೇಲೆ ಹೊಗೆ ಕುಡಿಯುತ್ತಾ ಇರುತ್ತಿತ್ತು, ಹುಳ ಹತ್ತುತ್ತಿರಲಿಲ್ಲ. ಕಾರ್ಬನ್ನಿಗೆ ಹುಳದ ಭಯವಿಲ್ಲ. ಆದರೆ ಹಿಡಿ ಕಾರ್ಕಿನದಾದರೆ ಅಟ್ಟದ ಇಲಿಗಳಿಗೆ ಹಬ್ಬ.

ಹಾಂ, ಪ್ರಯಾಣಕ್ಕೆ ಮಾಡಿದ ಪೈಪಿನಲ್ಲೇ ಮಳೆಗಾಲ ಕಳೆಯುವ ಯೋಚನೆ ಬೇಡ. ಒಳಗೆ ತೇವ ಸೇರಿದರೆ ಹೊರಬರಲು ದಾರಿಯಿಲ್ಲ. ಬೂಸ್ಟು ಖಂಡಿತ. ರೀಲನ್ನು ಮಾತ್ರ, ಪೂರ್ತಿ ಒಣಗಿದ ಮೇಲೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬಹುದು. ಮನೆಯವರಿಗೆ ಹೇಳಿ, ತಿಂಗಳಿಗೊಮ್ಮೆ ತೆಗೆದು ಹತ್ತು ಸುತ್ತು ತಿರುಗಿಸಲಿ.

ಇನ್ನೊಂದು ವಿಷಯ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ದಾರಿಯಲ್ಲಿ ತಗ್ಗಿನ ವಿದ್ಯುತ್ ತಂತಿ ಇದ್ದರೆ ರಾಡ್ ಬಿಚ್ಚಿಯೇ ಒಯ್ಯಿರಿ. ಗುಡುಗು ಕೇಳಿದರೆ ಗಾಳ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ.

ಮತ್ತೆ, ಪೈಪಿನ ಮೇಲೆ ನಿಮ್ಮ ಹೆಸರು, ಫೋನ್ ನಂಬರ್ ದೊಡ್ಡದಾಗಿ ಬರೆಯಿರಿ. ನಾನೊಮ್ಮೆ ನಿದ್ದೆಗಣ್ಣಲ್ಲಿ ಬಸ್ಸಿನಲ್ಲೇ ಬಿಟ್ಟು ಇಳಿದಿದ್ದೆ. ಮಾರನೇ ದಿನ ಡಿಪೋಗೆ ಹೋಗಿ ಕೇಳಿದರೆ, ಯಾರೋ ಪ್ಲಂಬರ್ ಮರೆತದ್ದು ಅಂತ ಪೊರಕೆಗಳ ಜೊತೆ ನಿಲ್ಲಿಸಿಟ್ಟಿದ್ದರು.