ಅಮ್ಮನ ಎಲ್‌-1 ಮೂಳೆ ಮುರಿತ: ದುಬೈನಿಂದ ಬೆಂಗಳೂರಿಗೆ ಕರೆತರುವ ಬಗ್ಗೆ

ಸ್ನಾನದ ಮನೆಯಲ್ಲಿ ಜಾರಿ ಕುಳಿತಷ್ಟಕ್ಕೇ ದುಬೈನಲ್ಲಿರುವ ನಿಮ್ಮ 67 ವರ್ಷದ ತಾಯಿಯವರ ಬೆನ್ನೆಲುಬಿನ ಎಲ್‌-1 ಮೂಳೆ (ಸೊಂಟದ ಭಾಗದ ಮೊದಲ ಮೂಳೆ) ಕುಸಿದಿದೆ ಎಂದರೆ, ಬಹುಮಟ್ಟಿಗೆ ಆಸ್ಟಿಯೋಪೊರೋಸಿಸ್‌ನಿಂದ ಮೂಳೆ ಟೊಳ್ಳಾಗಿರುವುದೇ ಕಾರಣ.

ಈಗಲೇ ಬೆಂಗಳೂರಿಗೆ ಕರೆತರಬಹುದೇ ಎಂದು ಕೇಳಿದ್ದೀರಿ. ಮುರಿತ ಸ್ಥಿರವಾಗಿದೆಯೇ ಎಂಬುದನ್ನು ಸ್ಕ್ಯಾನ್ ನೋಡಿದ ವೈದ್ಯರೇ ಹೇಳಬೇಕು, ನಾನು ಊಹಿಸಲಾರೆ. ಅವರು ಒಪ್ಪಿದರೆ ಮೊದಲು ವಿಮಾನ ಸಂಸ್ಥೆಯ ಮೆಡಿಫ್ ಅರ್ಜಿಯನ್ನು (ರೋಗಿಯ ಆರೋಗ್ಯ ಸ್ಥಿತಿ ತಿಳಿಸುವ ನಮೂನೆ) ಅವರಿಂದ ತುಂಬಿಸಿ, ಆಮೇಲೆ ಟಿಕೆಟ್ ಮಾಡಿಸಿ. ವರದಿಯ ಜೊತೆಗೆ ಸ್ಕ್ಯಾನ್ ಚಿತ್ರಗಳಿರುವ ಸಿಡಿಯನ್ನೂ ಕೇಳಿ ಪಡೆಯಿರಿ. ನಮ್ಮ ಅತ್ತೆಯವರನ್ನು ಮಸ್ಕತ್‌ನಿಂದ ಕರೆತಂದಾಗ ಅದಿಲ್ಲದೆ ಎಂಆರ್‌ಐ ಮತ್ತೆ ಮಾಡಿಸಬೇಕಾಯಿತು.

ಹಾಸಿಗೆಯಿಂದ ಎಬ್ಬಿಸುವಾಗ ದಯವಿಟ್ಟು ಕೈ ಹಿಡಿದು ಎಳೆಯಬೇಡಿ. ಮಂಡಿ ಮಡಿಸಿಕೊಂಡು, ಭುಜ ಮತ್ತು ಸೊಂಟ ಒಟ್ಟಿಗೇ ಮರದ ದಿಮ್ಮಿಯಂತೆ ಪಕ್ಕಕ್ಕೆ ಹೊರಳಲಿ. ಕಾಲುಗಳನ್ನು ಕೆಳಗಿಳಿಸುತ್ತಾ ಮೊಣಕೈ ಊರಿ ಏಳಲಿ. ಬೆನ್ನಿಗೆ ಎಣ್ಣೆ ಹಾಕಿ ತಿಕ್ಕಿಸುವುದು ಬೇಡವೇ ಬೇಡ.

ಮುರಿತ ಕೂಡಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಊರಿಗೆ ಬಂದ ಕೂಡಲೇ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ನೋವು ಇಳಿಯಿತೆಂದು ಮೂಳೆಯ ಚಿಕಿತ್ಸೆಯನ್ನು ಕೈಬಿಟ್ಟರೆ ಇನ್ನೊಂದು ಮೂಳೆ ಕುಸಿಯುವ ಅಪಾಯವಿದೆ.

ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ ಅಥವಾ ಕೂರುವ ಭಾಗ ಮರಗಟ್ಟಿದರೆ ಪ್ರಯಾಣದ ಮಾತು ಬಿಟ್ಟು ತಕ್ಷಣ ದುಬೈನಲ್ಲೇ 998ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿ.