ಶುಕ್ರನ ಬಿಸಿಗೆ ಹಳೆಯ ವಾಲ್ವಿನ ತತ್ತ್ವ

ಪ್ರಶ್ನೆ: ನಮ್ಮ ಮನೆಯ ವಾಲ್ವ್ (ಒಳಗಿನ ಗಾಳಿ ತೆಗೆದ ಗಾಜಿನ ಕೊಳವೆ) ರೇಡಿಯೊ ಅಟ್ಟ ಸೇರಿ ದಶಕಗಳಾದವು. ಈಗ ಅತಿ ಬಿಸಿಯಾದ ಜಾಗಗಳಿಗಾಗಿ ಕಣ್ಣಿಗೆ ಕಾಣದಷ್ಟು ಚಿಕ್ಕ ನಿರ್ವಾತ ಸಾಧನಗಳನ್ನು ರೂಪಿಸುತ್ತಿದ್ದಾರೆಂದು ಓದಿದೆ. ಸಿಲಿಕಾನ್ ಚಿಪ್ ಇರುವಾಗ ಇದೇಕೆ?

ಉತ್ತರ: ತೊಡಕಿರುವುದು ಸಿಲಿಕಾನಿನ ಸ್ವಭಾವದಲ್ಲಿಯೇ. ಬೇಕೆಂದೇ ಬೆರೆಸಿದ ಅಲ್ಪ ಕಲ್ಮಶದಿಂದ ದೊರೆಯುವ ಎಲೆಕ್ಟ್ರಾನುಗಳ ಲೆಕ್ಕದ ಮೇಲೆ ಚಿಪ್ಪಿನೊಳಗಿನ ಕಿರು ಸ್ವಿಚ್ ಆದ ಟ್ರಾನ್ಸಿಸ್ಟರ್ ನಡೆಯುತ್ತದೆ. ಬಿಸಿ ಏರಿದಂತೆ ಹರಳಿನ ಬಂಧಗಳಿಂದಲೇ ಎಲೆಕ್ಟ್ರಾನುಗಳು ಕಳಚಿಕೊಂಡು ಆ ಲೆಕ್ಕವನ್ನು ಕೆಡಿಸುತ್ತವೆ. ಶುಕ್ರಗ್ರಹದ ನೆಲದ ಸುಮಾರು 465 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೀಗೆ ಕಳಚಿದವುಗಳ ಸಂಖ್ಯೆ ಕೋಣೆಯ ಉಷ್ಣತೆಯಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟನ್ನೂ ಮೀರುವುದರಿಂದ, ಆರಿಸಿದ ಸ್ವಿಚ್ ಆರುವುದೇ ಇಲ್ಲ. 1982ರಲ್ಲಿ ಅಲ್ಲಿಳಿದ ಸೋವಿಯತ್ ನೌಕೆ ವೆನೆರಾ 13, ತನ್ನ ಉಪಕರಣಗಳನ್ನು ಮೊದಲೇ ತಣಿಸಿ ಶಾಖನಿರೋಧಕ ಕವಚದೊಳಗೆ ಇಟ್ಟುಕೊಂಡಿದ್ದರೂ, 127 ನಿಮಿಷವಷ್ಟೇ ಕೆಲಸ ಮಾಡಿತು.

ನಿರ್ವಾತದಲ್ಲಾದರೋ ಕಳಚಿಕೊಳ್ಳಲು ಬಂಧಗಳೇ ಇಲ್ಲ. ನಿಮ್ಮ ರೇಡಿಯೊದ ಗುಂಡಿ ತಿರುಗಿಸಿದ ಮೇಲೆ ಸದ್ದಿಗಾಗಿ ಅರ್ಧ ನಿಮಿಷ ಕಾಯಬೇಕಾಗಿದ್ದುದು ನೆನಪಿರಬಹುದು. ವಾಲ್ವಿನ ಕ್ಯಾಥೋಡ್ ಸುಮಾರು 800 ಡಿಗ್ರಿಗೆ ಕಾದು ಮಂದವಾಗಿ ಕೆಂಪಗಾಗದೆ ಎಲೆಕ್ಟ್ರಾನುಗಳನ್ನು ಹೊರಸೂಸುತ್ತಿರಲಿಲ್ಲ. ಬಿಸಿಯಿಂದಲೇ ಬದುಕುವ ಈ ಸಾಧನವನ್ನು ತೆಳು ಲೋಹಪದರಗಳ ಸರ್ಕ್ಯೂಟ್ ಆಗಿ ಕುಗ್ಗಿಸಿ ಭೂಶಾಖದ ಬಾವಿಗಳಿಗೆ ಇಳಿಸಬಹುದೆಂಬ ಯೋಚನೆ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 1980ರ ಆಸುಪಾಸಿನಲ್ಲಿಯೇ ನಡೆದಿತ್ತು.

ಇಂದಿನ ಕಿರುಸಾಧನಗಳ ಹಾದಿ ಬೇರೆ. ಚೂಪಾದ ತುದಿಯಲ್ಲಿ ವಿದ್ಯುತ್ ಕ್ಷೇತ್ರವನ್ನು ಒತ್ತಾಗಿಸಿದರೆ ಕಾಯಿಸದೆಯೇ ಎಲೆಕ್ಟ್ರಾನುಗಳು ಹೊರಬರುತ್ತವೆ. ಈ ಹರಿವು ಉಷ್ಣತೆಯಿಂದ ಹೆಚ್ಚು ಬದಲಾಗದು. ನಾಸಾದ ಏಮ್ಸ್ ಕೇಂದ್ರದ ವಿಜ್ಞಾನಿಗಳು 2012ರಲ್ಲಿ ವರದಿ ಮಾಡಿದ ಸಾಧನದಲ್ಲಿ ಎಲೆಕ್ಟ್ರಾನು ದಾಟಬೇಕಾದ ಕಂದಕ ಸುಮಾರು 150 ನ್ಯಾನೊಮೀಟರ್. ಅಷ್ಟು ಕಿರಿದಾದ ಕಂದಕದಲ್ಲಿ ಗಾಳಿಯ ಅಣುವಿಗೆ ಡಿಕ್ಕಿಯಾಗುವ ಸಂಭವವೇ ಕಡಿಮೆಯಾದ್ದರಿಂದ, ಪೂರ್ಣ ನಿರ್ವಾತದ ಅಗತ್ಯವೂ ತಗ್ಗುತ್ತದೆ.

ಆದರೆ ನಿರ್ವಾತ ಬಿಸಿಯಾಗದಿದ್ದರೂ ಅದರ ಸುತ್ತಲಿನ ಗೋಡೆ ಬಿಸಿಯಾಗುತ್ತದೆ. ಹಳೆಯ ವಾಲ್ವಿನ ಗಾಜಿನೊಳಗೆ ಬೆಳ್ಳಿಯಂತೆ ಹೊಳೆಯುವ ಬೇರಿಯಂ ಕಲೆಯೊಂದಿರುತ್ತದೆ. ಉಳಿಕೆ ಅನಿಲವನ್ನು ಹೀರುವುದು ಅದರ ಕೆಲಸ, ಗಾಳಿ ನುಗ್ಗಿದರೆ ಬೆಳ್ಳಗಾಗುತ್ತದೆ. ಕಿರುಸಾಧನದಲ್ಲಿ ಅಂಥದಕ್ಕೆ ಜಾಗ ಸಾಲದು. ಕಾದ ಗೋಡೆ ಅನಿಲ ಬಿಡುತ್ತದೆ, ಅಯಾನುಗಳು (ವಿದ್ಯುದಾವೇಶ ಹೊತ್ತ ಅನಿಲದ ಕಣಗಳು) ಬಡಿದು ಚೂಪು ತುದಿ ಸವೆಯುತ್ತದೆ, ವಿದ್ಯುನ್ನಿರೋಧಕವೂ ಅಷ್ಟಿಷ್ಟು ಸೋರತೊಡಗುತ್ತದೆ.

ಇತ್ತ ಸಿಲಿಕಾನ್ ಹಾಗೂ ಇಂಗಾಲ ಸೇರಿದ, ಬಿಸಿ ತಾಳುವ ಸಿಲಿಕಾನ್ ಕಾರ್ಬೈಡ್ ಕೂಡ ಸುಮ್ಮನೆ ಕುಳಿತಿಲ್ಲ: ನಾಸಾದ ಗ್ಲೆನ್ ಕೇಂದ್ರದಲ್ಲಿ ಅದರ ಚಿಪ್‌ಗಳು ಶುಕ್ರನಂಥದೇ ಬಿಸಿ ಹಾಗೂ ಒತ್ತಡದಲ್ಲಿ, ಯಾವ ಕವಚವೂ ಇಲ್ಲದೆ, 521 ಗಂಟೆ ನಡೆದಿವೆ. ಇಂದೇ ನೌಕೆ ಕಟ್ಟಬೇಕೆಂದರೆ ನಾನು ಅದನ್ನೇ ಆರಿಸುತ್ತೇನೆ. ಆ ವಸ್ತುವೂ ಸೋಲುವಷ್ಟು ಬಿಸಿಯಿರುವಲ್ಲಿಗೆ ನಿರ್ವಾತವನ್ನು ಕಾದಿರಿಸುತ್ತೇನೆ.